ಬೂತಾಯಿ ಮರಳಿ ಬಂದಿದೆ ಎಂದರೆ ಚೇತರಿಸಿಕೊಂಡಿದೆ ಎಂದರ್ಥವೇ?

ಕಡಲತಡಿ ಓದುಗ, ಉಡುಪಿ

ಕಳೆದ ವಾರ ಮೀನು ಇಳಿಸುವ ದಕ್ಕೆಯಿಂದ ಎರಡು ಕಿಲೋ ಬೂತಾಯಿ ತಂದೆ. ಕುಂದಾಪುರದ ಕಡೆಯವರು ಬೈಗೆ ಎನ್ನುವ, ಕಾರವಾರದ ಕಡೆಯವರು ತಾರ್ಲೆ ಎನ್ನುವ, ಇಂಗ್ಲಿಷಿನಲ್ಲಿ ಆಯಿಲ್ ಸಾರ್ಡೀನ್ ಎನ್ನುವ ಅದೇ ಮೀನು. ಅಡಿಪಟ್ಟಿ ಇಟ್ಟು ಅಳೆದು ನೋಡಿದರೆ ಮೂತಿಯಿಂದ ಬಾಲದ ತುದಿಯವರೆಗೆ 12 ಸೆಂಟಿಮೀಟರ್ ದಾಟಿದವು ನಾಲ್ಕೇ ಇದ್ದವು. ಹೊಟ್ಟೆ ಸೀಳಿದರೆ ನೆಣವೇ ಇಲ್ಲ. ನನ್ನ ತಾಯಿ ಬೂತಾಯಿ ಪುಳಿಮುಂಚಿ ಮಾಡುವಾಗ ಎಣ್ಣೆ ಹಾಕುತ್ತಿರಲಿಲ್ಲ. ಮೀನು ಬಿಟ್ಟ ಎಣ್ಣೆಯೇ ಗಸಿಯ ಮೇಲೆ ತೇಲುತ್ತಿತ್ತು. ಈಗಿನದು ಬಾಣಲೆಗೆ ಅಂಟಿಕೊಳ್ಳುತ್ತದೆ.

ಇದನ್ನೇ ಎಲ್ಲರೂ ‘ಬೂತಾಯಿ ಮರಳಿತು’ ಎಂದು ಸಂಭ್ರಮಿಸುತ್ತಿದ್ದಾರೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಈ ಮೀನು 2021ರಲ್ಲಿ 3,297 ಟನ್ನಿಗೆ ಕುಸಿದಿತ್ತು, ಮರುವರ್ಷವೇ ಒಂದು ಲಕ್ಷ ಟನ್ ದಾಟಿತು. ತೂಕದಲ್ಲಿ ಏರಿಕೆ ಆಗಿರುವುದು ನಿಜ. ಆದರೆ ಅತಿಯಾಗಿ ಹಿಡಿದು ಸೊರಗಿಸಿದ ಸಂತತಿಯು ಹಿಡಿಯುವುದು ಕಡಿಮೆಯಾದೊಡನೆ ಹಿಂದಿನ ಸ್ಥಿತಿಗೆ ಬರುತ್ತದೆ ಎಂಬ ನಂಬಿಕೆ ನಿಲ್ಲುವುದು ಕಡಲು ಹಿಂದಿನಂತೆಯೇ ಇದ್ದರೆ ಮಾತ್ರ. ಅರಬ್ಬಿ ಸಮುದ್ರದ ಮೇಲ್ಮೈ ಇತ್ತೀಚಿನ ದಶಕಗಳಲ್ಲಿ 1.2ರಿಂದ 1.4 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದೆ. ಬಿಸಿಯೇರಿದ ಕಡಲಿನಲ್ಲಿ ಹಳೆಯ ಲೆಕ್ಕದಂತೆ ಮೀನು ಹಿಡಿಯುವುದು ತಪ್ಪು. ಕ್ಯಾಲಿಫೋರ್ನಿಯಾದವರು ತಮ್ಮ ಸಾರ್ಡೀನ್ ಮೀನಿಗೆ ಮಾಡಿದಂತೆ, ಆಯಾ ವರ್ಷದ ಕಡಲಿನ ಉಷ್ಣಾಂಶವನ್ನು ನೋಡಿ ಎಷ್ಟು ಹಿಡಿಯಬಹುದೆಂಬ ಮಿತಿಯನ್ನು ಇಲ್ಲಿಯೂ ನಿಗದಿಪಡಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಪರ್ಸೀನ್ ಮಲ್ಪೆ

ಮಾಸ್ಟ್ರೇ, ‘ಅತಿಯಾಗಿ ಹಿಡಿದು ಸೊರಗಿಸಿದ’ ಎಂಬ ಒಂದೇ ಮಾತಿನಲ್ಲಿ ತಾವು ತೀರ್ಪು ಕೊಟ್ಟುಬಿಟ್ಟಿದ್ದೀರಿ. ಮತ್ಸ್ಯಕ್ಷಾಮ ಬಂದಾಗಲೆಲ್ಲ ಹಿಂಡನ್ನು ಸುತ್ತುಗಟ್ಟಿ ಹಿಡಿಯುವ ಪರ್ಸೀನ್ ಬಲೆಯ ಬೋಟಿನವರೇ ಅಪರಾಧಿಗಳೆಂದು ಹೇಳುವುದನ್ನು ನಾನು ಮೂವತ್ತು ವರ್ಷಗಳಿಂದ ಕೇಳುತ್ತಿದ್ದೇನೆ. 1940ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡ ಮತ್ತು ಮಲಬಾರ್ ತೀರದಿಂದ ಬೂತಾಯಿ ಹೆಚ್ಚುಕಡಿಮೆ ಮಾಯವೇ ಆಗಿತ್ತು. ಆಗ ಈ ತೀರದಲ್ಲಿ ಒಂದಾದರೂ ಪರ್ಸೀನ್ ಬಲೆ ಇತ್ತೇ? ಒಂದಾದರೂ ಡೀಸೆಲ್ ಎಂಜಿನ್ ಇತ್ತೇ? 1994ರಲ್ಲಿ ಮತ್ತೆ ಕುಸಿಯಿತು, ಆಮೇಲೆ ತಾನಾಗಿಯೇ ಎದ್ದಿತು. 2012ರಲ್ಲಿ ಸಿಕ್ಕಿದಷ್ಟು ಹಿಂದೆಂದೂ ಸಿಕ್ಕಿರಲಿಲ್ಲ. ಈ ಮೀನು ಬರುವುದು ಹೋಗುವುದು ಎರಡೂ ಕಡಲಿನ ಇಚ್ಛೆ. ಕಡಲಿನಿಂದಾದ ನಷ್ಟಕ್ಕೆ ನಮ್ಮ ಬಲೆಯ ಮೇಲೆ ಮಿತಿ ಹೇರುವುದು ಯಾವ ನ್ಯಾಯ ಎಂಬುದನ್ನು ತಾವೇ ವಿವರಿಸಬೇಕು.

ನಾಡದೋಣಿ ಗಂಗೊಳ್ಳಿ

‘ಆಗ ಪರ್ಸೀನ್ ಬಲೆ ಇತ್ತೇ’ ಎಂದು ಮಲ್ಪೆಯವರು ಕೇಳಿದ್ದಾರೆ. ಇರಲಿಲ್ಲ. ಆಗ ಇದ್ದದ್ದು ದಡದಿಂದ ಎಳೆಯುವ ರಂಪಣಿ ಬಲೆ. ಮೀನು ತಾನಾಗಿ ದಡದ ಹತ್ತಿರಕ್ಕೆ ಬಂದರೆ ಮಾತ್ರ ರಂಪಣಿಗೆ ಸಿಗುತ್ತಿತ್ತು. ಬಾರದಿದ್ದರೆ ಊರಿಡೀ ಕಾಯುತ್ತಿತ್ತು. ಆಳದಲ್ಲಿ ಉಳಿದ ಮೀನು ಅಲ್ಲಿಯೇ ಉಳಿದು ಮೊಟ್ಟೆಯಿಡುತ್ತಿತ್ತು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬಂದ ಮೇಲೆ ಆ ಕಾಯುವಿಕೆ ಮುಗಿದು, ಮೀನು ಇದ್ದಲ್ಲಿಗೇ ಹೋಗಿ ಹಿಂಡಿಗೆ ಹಿಂಡನ್ನೇ ಸುತ್ತುಗಟ್ಟಿ ಎತ್ತುವುದು ಶುರುವಾಯಿತು. ನಮ್ಮ ಹಿರಿಯರ ರಂಪಣಿ ಮರಿಮೀನನ್ನು ಉಳಿಸಿತ್ತು, ಇವರ ಪರ್ಸೀನ್ ಉಳಿಸಲಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ನಾನು ಒಪ್ಪುವುದಿಲ್ಲ.

ಅಂಕಿಅಂಶ, ಬೆಂಗಳೂರು

‘ರಂಪಣಿ ಮರಿಮೀನನ್ನು ಉಳಿಸಿತ್ತು’ ಎಂಬ ಮಾತಿಗೆ ಆಧಾರ ಬೇಕು. ರಂಪಣಿಯ ಕಣ್ಣು ಸಣ್ಣದು. ಬೂತಾಯಿ ಬಂಗುಡೆಗಳ ಮರಿಗಳು ದಡದ ಅಂಚಿನ ನೀರಿನಲ್ಲಿಯೇ ಇರುತ್ತವೆ. ದಡದಿಂದ ಎಳೆಯುವ ಸಣ್ಣ ಕಣ್ಣಿನ ಬಲೆ ಮರಿಗಳನ್ನು ಬಿಟ್ಟು ದೊಡ್ಡವನ್ನು ಮಾತ್ರ ಹಿಡಿಯಿತು ಎನ್ನುವುದು ತರ್ಕಕ್ಕೆ ನಿಲ್ಲುವುದಿಲ್ಲ. ಇನ್ನೊಂದು ವಿಷಯ. ಬೂತಾಯಿ ಕಾಣೆಯಾದ ಆ ಕಾಲದಲ್ಲಿ, 1943ರಲ್ಲಿ, ಮದ್ರಾಸ್ ಸರಕಾರವು ಬೂತಾಯಿ ಮರಿಗಳನ್ನು ಹಿಡಿಯುವ ಬಲೆಗಳ ಮೇಲೆ ನಿರ್ಬಂಧ ಹೇರಿತ್ತು. ಸಾಂಪ್ರದಾಯಿಕ ಬಲೆಗಳು ಮರಿಗಳನ್ನು ಉಳಿಸುತ್ತಿದ್ದವಾದರೆ ಅಂತಹ ಆದೇಶದ ಅಗತ್ಯವೇ ಬೀಳುತ್ತಿರಲಿಲ್ಲ.

ನಾಡದೋಣಿ ಗಂಗೊಳ್ಳಿ

ಬೆಂಗಳೂರಿನಲ್ಲಿ ಕುಳಿತು ರಂಪಣಿಯ ಕಣ್ಣನ್ನು ಅಳೆಯುವವರು ಒಮ್ಮೆಯಾದರೂ ರಂಪಣಿ ಎಳೆದಿದ್ದಾರೆಯೇ? ನನ್ನ ಅಜ್ಜ ಎಳೆದಿದ್ದಾರೆ. ಸಣ್ಣವನಿದ್ದಾಗ ನಾನೂ ಹಗ್ಗ ಹಿಡಿದಿದ್ದೇನೆ. ದೋಣಿಯೊಂದು ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಡುತ್ತಾ ಹೋಗಿ ದಡಕ್ಕೆ ಮರಳುತ್ತಿತ್ತು, ಎರಡು ತುದಿಗಳಲ್ಲಿಯೂ ಸಾಲುಸಾಲಾಗಿ ಜನ ನಿಂತು ಎಳೆಯುತ್ತಿದ್ದರು. ಬಲೆ ಒಬ್ಬನ ಆಸ್ತಿಯಾಗಿರಲಿಲ್ಲ, ಒಬ್ಬೊಬ್ಬರ ಮನೆಯ ತುಂಡುಗಳನ್ನು ಕಟ್ಟಿ ಒಂದು ರಂಪಣಿ ಆಗುತ್ತಿತ್ತು, ಪಾಲೂ ಹಾಗೆಯೇ ಹಂಚಿಕೆಯಾಗುತ್ತಿತ್ತು. ಒಂದೇ ದಿನಕ್ಕೆ ಮಾರಲಾಗದಷ್ಟು ಮೀನು ಬಿದ್ದರೆ ಅದನ್ನು ಕೊಲ್ಲುತ್ತಿರಲಿಲ್ಲ. ಬಲೆಯ ಗೋಡೆಯೊಳಗೆ ನೀರಿನಲ್ಲಿಯೇ ಜೀವಂತ ನಿಲ್ಲಿಸಿ, ದಿನಕ್ಕಿಷ್ಟು ಎಂದು ತೆಗೆಯುತ್ತಿದ್ದರು. ಇಂದು ಒಂದೇ ರಾತ್ರಿ ಎತ್ತಿದ ಮೀನು ದಕ್ಕೆ ಮುಟ್ಟುವ ಹೊತ್ತಿಗೆ ಕೆಳಗಿನದು ಜಜ್ಜಿ ಹೋಗಿ, ಮೀನನ್ನು ಪುಡಿ ಮಾಡುವ ಫಿಶ್‌ಮೀಲ್ ಲಾರಿಗೆ ಏರುತ್ತದೆ. ಆ ಎರಡರ ನಡುವಿನ ವ್ಯತ್ಯಾಸ ಅಂಕಿಯಲ್ಲಿ ಕಾಣದಿದ್ದರೆ ದೋಷ ಅಂಕಿಯದು.

ಸಾಗರವಿಜ್ಞಾನ ವಿದ್ಯಾರ್ಥಿನಿ

ದಯವಿಟ್ಟು ಮೂಲ ಪ್ರಶ್ನೆಗೆ ಬರೋಣ. ಬೂತಾಯಿ ಏಕೆ ಚೇತರಿಸಿಕೊಳ್ಳುತ್ತದೆ ಅಥವಾ ಏಕೆ ಚೇತರಿಸಿಕೊಳ್ಳುವುದಿಲ್ಲ ಎಂಬುದು ಮಳೆಗಾಲದ ನಾಲ್ಕು ತಿಂಗಳಲ್ಲಿ ನಿರ್ಧಾರವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಗಾಳಿಯ ಬಲದಿಂದ ನಮ್ಮ ತೀರದ ಮೇಲ್ಮೈ ನೀರು ಆಚೆಗೆ ಸರಿಯುತ್ತದೆ, ಅದರ ಜಾಗಕ್ಕೆ ಆಳದ ತಣ್ಣನೆಯ ಸತ್ವಭರಿತ ನೀರು ಏಳುತ್ತದೆ, ಆ ಸತ್ವದಿಂದ ಡಯಾಟಮ್ ಎಂಬ ಸೂಕ್ಷ್ಮ ಸಸ್ಯಗಳು ಹೇರಳವಾಗಿ ಬೆಳೆಯುತ್ತವೆ. ಬೂತಾಯಿ ಅದೇ ಹೊತ್ತಿನಲ್ಲಿ ಮೊಟ್ಟೆಯಿಡುತ್ತದೆ, ಮರಿಗಳಿಗೆ ಅದೇ ಆಹಾರ. ಮೇಲ್ಮೈ ನೀರು ಅತಿಯಾಗಿ ಕಾದಿದ್ದರೆ ಅದು ಎಣ್ಣೆಯ ಪದರದಂತೆ ಮೇಲೆ ಕುಳಿತುಬಿಡುತ್ತದೆ, ಕೆಳಗಿನ ಸತ್ವ ಮೇಲೇರುವುದಿಲ್ಲ. ಆಮ್ಲಜನಕವಿಲ್ಲದ ನೀರು ದಡದ ತೀರಾ ಹತ್ತಿರಕ್ಕೆ ಬಂದರೂ ಮೀನು ಅಲ್ಲಿ ನಿಲ್ಲುವುದಿಲ್ಲ.

ಮಾಸ್ಟ್ರು ಹೇಳಿದ ಸಣ್ಣ ಗಾತ್ರಕ್ಕೂ ಕಾರಣ ಇಲ್ಲಿಯೇ ಇದೆ. 2024ರ ಮುಂಗಾರು ಅನುಕೂಲವಾಗಿದ್ದುದರಿಂದ ಅಸಾಮಾನ್ಯ ಪ್ರಮಾಣದಲ್ಲಿ ಮರಿಗಳು ಬದುಕಿದವು, ಸಂಖ್ಯೆ ಹೆಚ್ಚಾದಂತೆ ಆಹಾರ ಹಂಚಿಹೋಗಿ ಬೆಳವಣಿಗೆ ಕುಂಠಿತವಾಯಿತು ಎಂದು ಸಂಶೋಧನಾ ಸಂಸ್ಥೆಯವರೇ ವಿವರಿಸಿದ್ದಾರೆ. ಇನ್ನು ಯಾರದು ತಪ್ಪು ಎಂಬುದಕ್ಕೆ, ಅದೇ ಸಂಸ್ಥೆಯ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲಿಯೇ ಅತಿಮೀನುಗಾರಿಕೆ ಮತ್ತು ಹವಾಮಾನ ಎರಡೂ ಒಟ್ಟಿಗೆ ಇವೆ. 2010ರಿಂದಾಚೆಗೆ ಅತಿಯಾಗಿ ಹಿಡಿದ ಸಂತತಿಯ ಮೇಲೆ 2015ರ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರ ಕಾದು ಹವಾಮಾನ ಏರುಪೇರಾಗುವ ವಿದ್ಯಮಾನ, ಬಂದು ಬಡಿಯಿತು. ಜಗತ್ತಿನ 235 ಮೀನು ಸಂತತಿಗಳನ್ನು ಪರಿಶೀಲಿಸಿದ 2019ರ ಅಧ್ಯಯನವೂ ಅತಿಯಾಗಿ ಹಿಡಿಯಲ್ಪಟ್ಟ ಸಂತತಿಗಳೇ ಬಿಸಿಗೆ ಹೆಚ್ಚು ಬಲಿಯಾಗುತ್ತವೆ ಎಂದು ಕಂಡುಕೊಂಡಿದೆ. ಎಂದ ಮೇಲೆ ಬಲೆಯೋ ಕಡಲೋ ಎಂಬ ಪ್ರಶ್ನೆಯೇ ತಪ್ಪು ಎಂದು ನನಗನ್ನಿಸುತ್ತದೆ.

ಪರ್ಸೀನ್ ಮಲ್ಪೆ

‘2024ರ ಮುಂಗಾರು ಅನುಕೂಲವಾಗಿದ್ದುದರಿಂದ ಮರಿಗಳು ಬದುಕಿದವು’ ಎಂದು ತಂಗಿಯೇ ಒಪ್ಪಿಕೊಂಡಿದ್ದಾರೆ. ನಾನು ಹೇಳಿದ್ದೂ ಇದನ್ನೇ. 2021ರಿಂದ 2024ರ ನಡುವೆ ನಮ್ಮ ಬಲೆಗಳ ಸಂಖ್ಯೆ ಕಡಿಮೆಯಾಗಲಿಲ್ಲ, ಎಂಜಿನ್ನಿನ ಶಕ್ತಿಯೂ ಕಡಿಮೆಯಾಗಲಿಲ್ಲ, ಆದರೂ ಮೀನು ಬಂತು. ಬಲೆಯಿಂದ ಹೋದದ್ದಾಗಿದ್ದರೆ ಬಲೆ ಇರುವಾಗಲೇ ಮರಳುವುದು ಹೇಗೆ ಸಾಧ್ಯ?

ಅಂಕಿಅಂಶ, ಬೆಂಗಳೂರು

ಗಂಗೊಳ್ಳಿಯವರ ಅಜ್ಜನ ಮೇಲೆ ನನಗೆ ಗೌರವವಿದೆ. ಆದರೆ ಅಜ್ಜನ ನೆನಪು ಸಾಕ್ಷ್ಯವಾಗುವುದಿಲ್ಲ. ‘ಮೀನನ್ನು ಕೊಲ್ಲುತ್ತಿರಲಿಲ್ಲ’ ಎಂದು ಬರೆದಿದ್ದೀರಿ. ಹಾಗಾದರೆ ಈ ತೀರದ ತೆಂಗಿನ ತೋಟಗಳಿಗೂ ಘಟ್ಟದ ಮೇಲಿನ ಕಾಫಿ ತೋಟಗಳಿಗೂ ಗೊಬ್ಬರವಾಗಿ ಹೋಗುತ್ತಿದ್ದ ಬೂತಾಯಿ ಎಲ್ಲಿಂದ ಬಂತು? ಕುದಿಸಿ ಎಣ್ಣೆ ತೆಗೆದು ದೋಣಿಯ ಮರಕ್ಕೆ ಬಳಿಯುತ್ತಿದ್ದ ಮೀನೆಣ್ಣೆ ಎಲ್ಲಿಂದ ಬಂತು? ತಿನ್ನಲಾಗದಷ್ಟು ಹಿಡಿದು ಗೊಬ್ಬರ ಮಾಡುವ ಪದ್ಧತಿ ಫಿಶ್‌ಮೀಲ್ ಕಾರ್ಖಾನೆಗಿಂತ ಹಳೆಯದು. ರಂಪಣಿ ಕಾಲವನ್ನು ಸುವರ್ಣಯುಗವೆಂದು ಬಣ್ಣಿಸಿ ಅದರ ಆಧಾರದ ಮೇಲೆ ಇಂದಿನ ನೀತಿಯನ್ನು ರೂಪಿಸುವುದು ಅಪಾಯಕಾರಿ.

ನಾಡದೋಣಿ ಗಂಗೊಳ್ಳಿ

ಗೊಬ್ಬರಕ್ಕೆ ಹೋದದ್ದು ಉಪ್ಪು ಹಾಕಿಯೂ ಮಾರಲಾಗದೆ ಉಳಿದ ಮೀನು. ಐಸ್ ಇಲ್ಲದ, ರಸ್ತೆ ಇಲ್ಲದ ಕಾಲವದು. ಹೊಳೆಗಳಿಗೆ ಸೇತುವೆ ಇರಲಿಲ್ಲ, ತಲೆಹೊರೆಯಲ್ಲಿ ಮೀನು ಹೊತ್ತ ಹೆಂಗಸರು ನಡೆದು ತಲುಪಬಹುದಾದ ಊರುಗಳವರೆಗೆ ಮಾತ್ರ ಮೀನು ಮಾರಾಟವಾಗುತ್ತಿತ್ತು. ಅದನ್ನು ಫಿಶ್‌ಮೀಲಿಗೆ ಹೋಲಿಸುವವರು ಆ ಹೆಂಗಸರ ಕಾಲಿನ ಬೊಬ್ಬೆ ನೋಡಿದವರಲ್ಲ. ಇಂದು ಐಸ್ ಇದೆ, ಹೆದ್ದಾರಿ ಇದೆ, ತಿನ್ನುವ ಬಾಯಿಗಳಿವೆ, ಆದರೂ ಮರಿಮೀನು ಕಾರ್ಖಾನೆಗೆ ಹೋಗುತ್ತದೆ. ಒಂದು ಕಿಲೋ ಪುಡಿಗೆ ನಾಲ್ಕೈದು ಕಿಲೋ ಹಸಿಮೀನು ಬೇಕು. ಆ ಪುಡಿ ತಿಂದು ಬೆಳೆಯುವ ಸಿಗಡಿ ಯಾರ ತಟ್ಟೆಗೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿದೆ.

1943ರ ಆದೇಶವನ್ನು ನೀವೇ ಎತ್ತಿದ್ದೀರಿ. ಮರಿ ಹಿಡಿಯುವುದನ್ನು ತಡೆದರು, ಆ ದಶಕ ಕಳೆಯುವ ಹೊತ್ತಿಗೆ ಬೂತಾಯಿ ಮತ್ತೆ ಕಾಣಿಸಿಕೊಂಡಿತು. ಹಾಗಾದರೆ ಮರಿ ಉಳಿಸಿದರೆ ಮೀನು ಉಳಿಯುತ್ತದೆ ಎಂಬುದಕ್ಕೆ ನಿಮ್ಮದೇ ಸಾಕ್ಷಿ ಸಿಕ್ಕಿತಲ್ಲ.

ಅಂಕಿಅಂಶ, ಬೆಂಗಳೂರು

ಇಲ್ಲ, ಸಿಗಲಿಲ್ಲ. ಆ ನಿರ್ಬಂಧವನ್ನು ಕೆಲವೇ ವರ್ಷಗಳಲ್ಲಿ ಹಿಂತೆಗೆದುಕೊಂಡರು. ಒಂದರ ನಂತರ ಇನ್ನೊಂದು ನಡೆಯಿತೆಂದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ. ಮೊದಲು ರಂಪಣಿ ಮರಿಗಳನ್ನು ಉಳಿಸಿತ್ತು ಎಂದಿರಿ, ಈಗ ಮರಿ ಹಿಡಿಯುವುದನ್ನು ತಡೆದದ್ದರಿಂದ ಮೀನು ಬಂತು ಎನ್ನುತ್ತಿದ್ದೀರಿ. ಮೊದಲಿನ ಮಾತು ನಿಜವಾದರೆ ಎರಡನೆಯದಕ್ಕೆ ಅರ್ಥವಿಲ್ಲ. ಯಾವುದನ್ನು ಬಿಡುತ್ತೀರಿ ಎಂಬುದನ್ನು ಮೊದಲು ಹೇಳಿ.

ನಾಡದೋಣಿ ಗಂಗೊಳ್ಳಿ

ಯಾವುದನ್ನೂ ಬಿಡುವುದಿಲ್ಲ. ಆದೇಶ ಬಂದದ್ದು ಮರಿಗಳಿಗೆಂದೇ ಮಾಡಿದ ಬಲೆಗಳ ಮೇಲೆ. ರಂಪಣಿ ಬೇರೆ, ಆ ಬಲೆಗಳು ಬೇರೆ. ಎಲ್ಲ ಸಾಂಪ್ರದಾಯಿಕ ಬಲೆಗಳನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದು ನೀವು, ನಾನಲ್ಲ. ತೀರದ ಬಗ್ಗೆ ಮಾತನಾಡುವ ಮುನ್ನ ಬಲೆಗಳ ಹೆಸರನ್ನಾದರೂ ಕಲಿತು ಬರಬೇಕೆಂದು ನಾನು ನೇರವಾಗಿಯೇ ಹೇಳುತ್ತೇನೆ.

ಕನ್ನಡಿಗ, ಸೇಂಟ್ ಜಾನ್ಸ್

ನಾನು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಹದಿನೈದು ವರ್ಷಗಳಿಂದ ನೆಲೆಸಿರುವವನು, ಹುಟ್ಟಿದ್ದು ಅಂಕೋಲೆಯಲ್ಲಿ. ಇಲ್ಲಿನ ಕಾಡ್ ಮೀನಿನ ಕಥೆ ಈ ಚರ್ಚೆಗೆ ನೇರವಾಗಿ ಸಂಬಂಧಿಸಿದ್ದರಿಂದ ಬರೆಯುತ್ತಿದ್ದೇನೆ. ಅತಿಯಾಗಿ ಹಿಡಿದು ಹಿಡಿದು ಸಂತತಿ ಕುಸಿದಾಗ 1992ರ ಜುಲೈ 2ರಂದು ಸರಕಾರವು ಕಾಡ್ ಹಿಡಿಯುವುದನ್ನೇ ನಿಲ್ಲಿಸಿತು, ಸುಮಾರು 30,000 ಜನ ಒಮ್ಮೆಗೇ ಕೆಲಸ ಕಳೆದುಕೊಂಡರು. ಎರಡು ವರ್ಷಗಳಲ್ಲಿ ಮೀನು ಮರಳುತ್ತದೆ ಎಂದು ಹೇಳಲಾಗಿತ್ತು. ವಾಣಿಜ್ಯ ಮೀನುಗಾರಿಕೆ ಮತ್ತೆ ತೆರೆದದ್ದು 2024ರಲ್ಲಿ, ಅದೂ 18,000 ಟನ್ನಿನ ಮಿತಿಯೊಂದಿಗೆ. ಮೂವತ್ತೆರಡು ವರ್ಷ. ಕಾಡ್ ತಿನ್ನುವ ಕೇಪ್ಲಿನ್ ಎಂಬ ಸಣ್ಣ ಮೀನು 1991ರಲ್ಲಿ ಕುಸಿದದ್ದು ಇನ್ನೂ ಹಿಂದಿನಂತಾಗಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ನೀರು ಅಸಾಮಾನ್ಯವಾಗಿ ತಣ್ಣಗಿದ್ದದ್ದೂ ಏಟು ಕೊಟ್ಟಿತು. ಬಲೆ ಎತ್ತಿದರೆ ಸಾಲದು, ಕಡಲೂ ಕೈಹಿಡಿಯಬೇಕು ಎಂಬುದನ್ನು ಇಲ್ಲಿನ ಊರುಗಳು ಒಂದು ತಲೆಮಾರನ್ನೇ ತೆತ್ತು ಅರಿತಿವೆ. ನನ್ನ ನೆರೆಮನೆಯ ಹಿರಿಯರು ತಮ್ಮ ದೋಣಿಯನ್ನು ಮನೆಯ ಹಿಂದೆ ಕವುಚಿ ಹಾಕಿದ್ದಾರೆ, ಅದರ ಅಡಿಯಲ್ಲಿ ಈಗ ಕಟ್ಟಿಗೆ ಪೇರಿಸಿಡುತ್ತಾರೆ.

ಪರ್ಸೀನ್ ಮಲ್ಪೆ

‘ನೀರು ಅಸಾಮಾನ್ಯವಾಗಿ ತಣ್ಣಗಿದ್ದದ್ದೂ ಏಟು ಕೊಟ್ಟಿತು’ ಎಂಬುದನ್ನು ಎಲ್ಲರೂ ಗಮನಿಸಬೇಕು. ಅಲ್ಲಿ ಏಟು ಕೊಟ್ಟದ್ದು ತಂಪು. ಅಂದರೆ ನೀರು ಬೆಚ್ಚಗಾದದ್ದು ಅಲ್ಲಿನ ಮೀನಿಗೆ ನೆರವಾಗಿರಬೇಕು. ಇಲ್ಲಿ ಬಿಸಿ ಕೆಟ್ಟದ್ದು, ಅಲ್ಲಿ ಬಿಸಿ ಒಳ್ಳೆಯದು ಎಂದಾದರೆ, ಬಿಸಿಯನ್ನು ಅಳೆದು ನಮ್ಮ ಬಲೆಗೆ ಮಿತಿ ಹಾಕುವ ಸೂತ್ರವನ್ನು ಯಾರು, ಯಾವ ಆಧಾರದ ಮೇಲೆ ಬರೆಯುತ್ತಾರೆ? ಮಾಸ್ಟ್ರು ಕ್ಯಾಲಿಫೋರ್ನಿಯಾದ ಉದಾಹರಣೆ ಕೊಟ್ಟರು. ಉಷ್ಣಾಂಶದ ಸೂತ್ರವಿದ್ದೂ ಅಲ್ಲಿಯ ಸಾರ್ಡೀನ್ ಮೀನುಗಾರಿಕೆಯನ್ನು 2015ರಲ್ಲಿ ಮುಚ್ಚಬೇಕಾಯಿತು. ಸೂತ್ರವೂ ಉಳಿಸಲಿಲ್ಲ.

ಇನ್ನೊಂದು ಮಾತು. ಇಲ್ಲಿ ಕೊಟ್ಟ ಟನ್ನಿನ ಲೆಕ್ಕವೆಲ್ಲ ಕೇರಳದ್ದು. ಮಲ್ಪೆಯ ದಕ್ಕೆಯಲ್ಲಿ ನಿಂತವನ ಬಾಳನ್ನು ಕೇರಳದ ಲೆಕ್ಕದಿಂದ ನಿರ್ಧರಿಸಬೇಡಿ.

ಸಾಗರವಿಜ್ಞಾನ ವಿದ್ಯಾರ್ಥಿನಿ

ಬೂತಾಯಿ ತಲಪಾಡಿಯಲ್ಲಿ ಕೇರಳದ ಗಡಿ ನೋಡಿ ಹಿಂದಿರುಗುವುದಿಲ್ಲ. ಮಲಬಾರ್ ಮತ್ತು ಕರ್ನಾಟಕ ತೀರದ ಹಿಂಡುಗಳಿಗೆ ಆಧಾರವಾಗಿರುವುದು ಒಂದೇ ಮಳೆಗಾಲದ ಕಡಲು. ಜೊತೆಗೆ ಹಿಂದೆ ಈ ತೀರಕ್ಕೆ ಸೀಮಿತವಾಗಿದ್ದ ಮೀನು ನೀರು ಬೆಚ್ಚಗಾದಂತೆ ಉತ್ತರದ ಕಡೆಗೂ ಪೂರ್ವ ಕರಾವಳಿಗೂ ಹರಡಿದೆ ಎಂದು ಸಂಶೋಧನಾ ಸಂಸ್ಥೆಯವರು ಹಿಂದೆಯೇ ದಾಖಲಿಸಿದ್ದಾರೆ. ಮೇಲ್ಮೈಯಲ್ಲಿರುತ್ತಿದ್ದ ಬಂಗುಡೆ ಈಗ ಆಳದ ಟ್ರಾಲ್ ಬಲೆಗಳಿಗೆ ಬೀಳುತ್ತಿರುವುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಮೀನು ಜಾಗ ಬದಲಿಸಿದಾಗ ಒಂದು ದಕ್ಕೆಯ ಲೆಕ್ಕ ಮಾತ್ರ ನೋಡಿದರೆ ಇಲ್ಲಿ ಕ್ಷಾಮ, ಅಲ್ಲಿ ಸುಗ್ಗಿ ಎಂದು ಕಾಣುತ್ತದೆ. ಹಿಡಿದದ್ದರ ಲೆಕ್ಕವೂ ಕಡಲಿನಲ್ಲಿ ಉಳಿದದ್ದರ ಲೆಕ್ಕವೂ ಒಂದೇ ಅಲ್ಲ.

ತಂಪು ಬಿಸಿಯ ಬಗ್ಗೆ ತಾವು ಕೇಳಿದ್ದು ನ್ಯಾಯವಾದ ಪ್ರಶ್ನೆ. ಕಾಡ್ ಬದುಕುವ ವಲಯದ ಉತ್ತರದ ತಣ್ಣನೆಯ ಅಂಚಿನಲ್ಲಿ ತುಸು ಬಿಸಿ ನೆರವಾಗುತ್ತದೆ, ದಕ್ಷಿಣದ ಅಂಚಿನಲ್ಲಿ ಅದೇ ಬಿಸಿ ಕೊಲ್ಲುತ್ತದೆ. ಅಮೆರಿಕದ ಮೇನ್ ಕೊಲ್ಲಿಯಲ್ಲಿ ಕಾಡ್ ಹಿಡಿಯುವ ಮಿತಿಯನ್ನು ಮತ್ತೆ ಮತ್ತೆ ಇಳಿಸಿದರೂ ಸಂತತಿ ಏಳಲಿಲ್ಲ. ಆ ಕೊಲ್ಲಿ ಜಗತ್ತಿನ ಶೇ. 99ರಷ್ಟು ಸಮುದ್ರ ಪ್ರದೇಶಕ್ಕಿಂತ ವೇಗವಾಗಿ ಬಿಸಿಯೇರಿತ್ತು, ಮಿತಿ ಹಾಕುವವರು ಆ ಬಿಸಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ ಎಂದು 2015ರ ಅಧ್ಯಯನ ತೋರಿಸಿತು. ಉಷ್ಣಾಂಶದ ಸೂತ್ರ ಮೀನನ್ನು ಸೃಷ್ಟಿಸುವುದಿಲ್ಲ. ಕೆಟ್ಟ ವರ್ಷಗಳಲ್ಲಿ ಮೊಟ್ಟೆಯಿಡಲು ಉಳಿದ ಬೀಜಮೀನನ್ನು ಕಾಪಾಡುವುದಷ್ಟೇ ಅದರ ಕೆಲಸ.

ಅಂಕಿಅಂಶ, ಬೆಂಗಳೂರು

ಮೇನ್ ಕೊಲ್ಲಿಯ ಆ ಅಧ್ಯಯನಕ್ಕೆ ಮರುವರ್ಷವೇ ಅದೇ ಪತ್ರಿಕೆಯಲ್ಲಿ ಬೇರೆ ವಿಜ್ಞಾನಿಗಳ ಆಕ್ಷೇಪಗಳು ಪ್ರಕಟವಾದವು ಎಂಬುದನ್ನು ವಿದ್ಯಾರ್ಥಿನಿಯವರು ಬಿಟ್ಟಿದ್ದಾರೆ. ಇಂತಹ ಅಧ್ಯಯನಗಳನ್ನು ಉಲ್ಲೇಖಿಸುವಾಗ ಎರಡೂ ಮುಖ ತೋರಿಸಬೇಕು. ಗಂಗೊಳ್ಳಿಯವರು ನನ್ನ ಪ್ರಶ್ನೆಗೆ ಇನ್ನೂ ಉತ್ತರಿಸಿಲ್ಲ: ರಂಪಣಿಗೆ ಬಿದ್ದ ಮರಿಗಳನ್ನು ಮರಳಿ ಕಡಲಿಗೆ ಬಿಡುತ್ತಿದ್ದರೇ, ಇಲ್ಲವೇ?

ನಾಡದೋಣಿ ಗಂಗೊಳ್ಳಿ

ಬಿಡುತ್ತಿದ್ದರು ಎಂದು ನಾನು ಎಲ್ಲಿಯೂ ಬರೆದಿಲ್ಲ. ಉಳಿಸಿತ್ತು ಎಂದು ಬರೆದೆ. ದಡಕ್ಕೆ ಬಂದದ್ದು ಮಾತ್ರ ಸಿಕ್ಕುತ್ತಿತ್ತು, ಆಚೆಯದು ಉಳಿಯುತ್ತಿತ್ತು ಎಂಬುದು ನನ್ನ ಮಾತಿನ ಅರ್ಥ. ಅಜ್ಜನ ಕಾಲದಲ್ಲಿ ಸಣ್ಣ ಮೀನು ಬಿದ್ದರೆ ಒಣಗಿಸುತ್ತಿದ್ದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂದಿನ ಬಲೆಗೆ ಒಂದು ಎಲ್ಲೆಯಿತ್ತು, ಆ ಎಲ್ಲೆಯನ್ನು ದಡವೇ ಹಾಕಿತ್ತು. ಇಂದಿನ ಬಲೆಗೆ ಎಲ್ಲೆಯೇ ಇಲ್ಲ. ಆಳ ಕಡಲಿನಲ್ಲಿ ಬೆಳಕು ಹಾಯಿಸಿ ಹಿಡಿಯುವುದನ್ನು ಕೇಂದ್ರ ಸರಕಾರ 2017ರಲ್ಲಿಯೇ ನಿಷೇಧಿಸಿದೆ. ಇಂದಿಗೂ ರಾತ್ರಿ ದಡದಲ್ಲಿ ನಿಂತರೆ ಆಚೆ ಊರು ಕಟ್ಟಿದಂತೆ ದೀಪ ಕಾಣುತ್ತದೆ. ಮಲ್ಪೆಯವರು ಇದಕ್ಕೆ ಉತ್ತರ ಕೊಡಲಿ.

ಪರ್ಸೀನ್ ಮಲ್ಪೆ

ಬೆಳಕಿನ ಮೀನುಗಾರಿಕೆ ನಾನು ಮಾಡುವುದಿಲ್ಲ, ಮಾಡುವವರ ಪರ ವಾದಿಸುವುದೂ ಇಲ್ಲ. ನನ್ನ ಬೋಟಿನಲ್ಲಿ ದುಡಿಯುವ ಮೂವತ್ತು ಮಂದಿ ಕಲಾಸಿಗಳಿದ್ದಾರೆ. 2019ರಲ್ಲಿ ಕ್ಯಾರ್ ಮತ್ತು ಮಹಾ ಎಂಬ ಎರಡು ಚಂಡಮಾರುತಗಳು ಬೆನ್ನು ಬೆನ್ನಿಗೆ ಬಂದಾಗ ವಾರಗಟ್ಟಲೆ ಬೋಟ್ ಬಂದರಿನಲ್ಲಿಯೇ ನಿಂತಿತ್ತು. 2021ರ ಮೇ ತಿಂಗಳಲ್ಲಿ ತೌಕ್ತೆ ಬಂತು. ಜೂನ್ 1ರಿಂದ ಜುಲೈ 31ರವರೆಗೆ ಹೇಗೂ 61 ದಿನ ನಿಷೇಧವಿದೆ. ಆ ಅರವತ್ತೊಂದು ದಿನ ನಾವು ಪಾಲಿಸುತ್ತೇವೆ, ಅದೇ ಕಾಲದಲ್ಲಿ ನಿಷೇಧದ ವ್ಯಾಪ್ತಿಗೆ ಬಾರದ ನಾಡದೋಣಿಗಳು ಮೊಟ್ಟೆ ತುಂಬಿದ ಬೂತಾಯಿಗೆ ಬಲೆ ಹಾಕುತ್ತವೆ. ಗಂಗೊಳ್ಳಿಯವರು ನಮ್ಮ ಬಲೆಗೆ ಎಲ್ಲೆ ಕೇಳುವ ಮೊದಲು ಮೊಟ್ಟೆಮೀನಿನ ಲೆಕ್ಕ ಕೊಡಲಿ.

ನಾಡದೋಣಿ ಗಂಗೊಳ್ಳಿ

ಮಳೆಗಾಲದ ಕಡಲಿಗೆ ಇಳಿಯುವುದು ಪ್ರಾಣವನ್ನು ಕೈಯಲ್ಲಿ ಹಿಡಿದುಕೊಂಡು. ಅಳಿವೆ ದಾಟುವಾಗ ದೋಣಿ ಮಗುಚಿ ಸತ್ತವರ ಮನೆಗಳು ನಮ್ಮ ಕೇರಿಯಲ್ಲಿವೆ. ಆ ನಾಲ್ಕು ಬುಟ್ಟಿಯನ್ನು ನಿಮ್ಮ ನಾಲ್ಕು ಲಾರಿಗೆ ಸಮ ಎಂದು ಬರೆಯಲು ಮನಸ್ಸಾದರೂ ಹೇಗೆ ಬಂತು? ಈ ಮಾತನ್ನು ನಾನು ಮರೆಯುವುದಿಲ್ಲ.

ಕಡಲತಡಿ ಓದುಗ, ಉಡುಪಿ

ಚರ್ಚೆ ಆರಂಭಿಸಿದವನು ನಾನಾದ್ದರಿಂದ ಮಧ್ಯೆ ಬರುತ್ತಿದ್ದೇನೆ. ರಂಪಣಿಯ ವಿಷಯದಲ್ಲಿ ಇಬ್ಬರೂ ಗೆಲ್ಲುವುದಿಲ್ಲ, ಏಕೆಂದರೆ ರಂಪಣಿ ಈ ಕಡಲನ್ನು ನೋಡಲೇ ಇಲ್ಲ. ಅದು ಕಂಡದ್ದು ಕಡಿಮೆ ಕಾದ ಕಡಲು. ಮಲ್ಪೆಯವರು 1940ರ ದಶಕದ ಕುಸಿತವನ್ನು ಎತ್ತಿ ತಮ್ಮ ವಾದ ಗೆದ್ದಂತೆ ಬರೆದಿದ್ದಾರೆ. ನನ್ನ ಪ್ರಕಾರ ಅದು ಅವರ ವಿರುದ್ಧದ ಸಾಕ್ಷಿ. ಎಂಜಿನ್ ಇಲ್ಲದ ಕಾಲದಲ್ಲಿಯೇ ಕಡಲು ಮುನಿದಾಗ ಈ ಮೀನು ಅಷ್ಟು ಕುಸಿಯಿತು ಎಂದರೆ, ಕಡಲೂ ಮುನಿದು ಬಲೆಯೂ ಬಿಡದ ಕಾಲದಲ್ಲಿ ಅದರ ಗತಿ ಏನಾಗಬಹುದು? ಬೂತಾಯಿಯ ಆಯುಷ್ಯವೇ ಎರಡು ಎರಡೂವರೆ ವರ್ಷ. ಎರಡು ಮಳೆಗಾಲ ಸತತವಾಗಿ ಕೆಟ್ಟರೆ, ಆ ನಡುವೆ ಬೀಜಮೀನನ್ನೂ ಎತ್ತಿಬಿಟ್ಟರೆ, ಮೂರನೆಯ ಮಳೆಗಾಲ ಚೆನ್ನಾಗಿದ್ದರೂ ಮೊಟ್ಟೆಯಿಡಲು ತಾಯಿ ಬೇಕಲ್ಲ.

ಕೇರಳದಲ್ಲಿ ಬೂತಾಯಿಗೆ 10 ಸೆಂಟಿಮೀಟರ್‌ನ ಕನಿಷ್ಠ ಗಾತ್ರ ನಿಗದಿಯಾಗಿದೆ. ಈ ಮೀನು ಮೊದಲ ಬಾರಿ ಮೊಟ್ಟೆಗೆ ಬರುವುದು ಸುಮಾರು 14ರಿಂದ 15 ಸೆಂಟಿಮೀಟರ್‌ಗೆ. ಹತ್ತಕ್ಕೂ ಹದಿನಾಲ್ಕಕ್ಕೂ ನಡುವಿನ ಮೀನೇ ನಾನು ಕಳೆದ ವಾರ ಮನೆಗೆ ತಂದದ್ದು. ಕಾನೂನಿನ ಪ್ರಕಾರ ಅದು ತಪ್ಪಲ್ಲ. ಅದರಲ್ಲಿ ಒಂದಾದರೂ ಮೊಟ್ಟೆಯಿಟ್ಟಿತ್ತೇ ಎಂದು ಕೇಳಿದರೆ ನನಗೆ ಅನ್ನ ಇಳಿಯುವುದಿಲ್ಲ.

ಪರ್ಸೀನ್ ಮಲ್ಪೆ

‘ಹದಿನಾಲ್ಕು ಸೆಂಟಿಮೀಟರ್’ ಎಂದು ಕಾಗದದ ಮೇಲೆ ಬರೆಯುವುದು ಸುಲಭ. ವಿದ್ಯಾರ್ಥಿನಿಯವರೇ ಹೇಳಿದಂತೆ ಈಗಿನ ಮೀನು ಆಹಾರ ಸಾಲದೆ ಬೆಳೆಯುತ್ತಲೇ ಇಲ್ಲ. ಬೆಳೆಯದ ಮೀನನ್ನು ಬೆಳೆಯಲೆಂದು ಬಿಟ್ಟರೆ ಅದು ಸಾಯುತ್ತದೆ, ನಮ್ಮ ಹೊಟ್ಟೆಯೂ ಒಣಗುತ್ತದೆ. ಹಿಂಡು ಕಿಕ್ಕಿರಿದಾಗ ಸ್ವಲ್ಪ ತೆಗೆದರೆ ಉಳಿದದ್ದಕ್ಕೆ ಆಹಾರ ಸಿಗುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಗದ್ದೆಯಲ್ಲಿ ಭತ್ತದ ನೇಜಿ ದಟ್ಟವಾದರೆ ಏನು ಮಾಡುತ್ತಾರೆ?

ಸಾಗರವಿಜ್ಞಾನ ವಿದ್ಯಾರ್ಥಿನಿ

ನೇಜಿಯ ಉದಾಹರಣೆಯಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪುತ್ತೇನೆ. 2024ರಂತಹ ವರ್ಷದಲ್ಲಿ ಹೆಚ್ಚು ಹಿಡಿಯುವುದರಿಂದ ಹಾನಿ ಕಡಿಮೆ. ಹಾಗಿದ್ದರೆ 2015ರಂತಹ ವರ್ಷದಲ್ಲಿ ಕಡಿಮೆ ಹಿಡಿಯಬೇಕು ಎಂಬುದನ್ನೂ ತಾವು ಒಪ್ಪಬೇಕಾಗುತ್ತದೆ. ಮಾಸ್ಟ್ರು ಮೊದಲ ದಿನ ಕೇಳಿದ್ದು ಇಷ್ಟನ್ನೇ: ವರ್ಷ ನೋಡಿ ಮಿತಿ. ಸಮುದ್ರದ ಮೇಲ್ಮೈಯ ಉಷ್ಣಾಂಶವನ್ನೂ ಡಯಾಟಮ್‌ಗಳ ಹಸಿರನ್ನೂ ಉಪಗ್ರಹಗಳು ಪ್ರತಿದಿನ ಅಳೆಯುತ್ತಿವೆ. ಮೀನು ಎಲ್ಲಿದೆ ಎಂದು ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಅದೇ ಮಾಹಿತಿಯಿಂದ ತಮ್ಮ ಬೋಟಿಗೆ ಸೂಚನೆ ಕಳಿಸುತ್ತದೆ. ಹಿಡಿಯಲು ಬಳಸುವ ಮಾಹಿತಿಯನ್ನು ಯಾವ ವರ್ಷ ಕೈ ತಡೆಯಬೇಕು ಎಂಬುದಕ್ಕೆ ಬಳಸಲು ತಮ್ಮ ಆಕ್ಷೇಪವೇನು?

ಅಂಕಿಅಂಶ, ಬೆಂಗಳೂರು

‘ಹಾನಿ ಕಡಿಮೆ’ ಎಂಬುದನ್ನು ಯಾವ ಅಂಕಿಯಿಂದ ಹೇಳುತ್ತಿದ್ದೀರಿ? ಹಿಡಿದದ್ದರ ಲೆಕ್ಕ ಬೇರೆ, ಉಳಿದದ್ದರ ಲೆಕ್ಕ ಬೇರೆ ಎಂದು ಬರೆದವರು ನೀವೇ.

ಪರ್ಸೀನ್ ಮಲ್ಪೆ

ಸೂಚನೆ ಬರುವುದು ನಿಜ. ಮಿತಿ ಹಾಕುವುದಾದರೆ ತಲಪಾಡಿಯ ಆಚೆ ಕೇರಳದವರ ರಿಂಗ್ ಸೀನ್ ಬಲೆಗೂ ಅದೇ ದಿನ, ಅದೇ ಮಿತಿ ಬೀಳಬೇಕು. ಅಲ್ಲಿಯವರು ಎತ್ತುವಾಗ ನಾವು ಮಾತ್ರ ಕಟ್ಟಿ ನಿಲ್ಲುವುದಿಲ್ಲ. ಬೋಟ್ ಕಟ್ಟಿದ ದಿನಗಳಿಗೆ ಕಲಾಸಿಗಳ ಕೂಲಿ ಯಾರು ಕೊಡುತ್ತಾರೆ ಎಂಬುದನ್ನೂ ಅದೇ ಆದೇಶದಲ್ಲಿ ಬರೆಯಬೇಕು. ಅಲ್ಲಿಯವರೆಗೆ ನನ್ನ ಉತ್ತರ ಇಲ್ಲ ಎಂದೇ.

ನಾಡದೋಣಿ ಗಂಗೊಳ್ಳಿ

ಮೊಟ್ಟೆಮೀನಿನ ಲೆಕ್ಕ ಕೇಳಿದ್ದಿರಿ. ಇವತ್ತು ಬೆಳಿಗ್ಗೆ ನಮ್ಮ ದೋಣಿಗೆ ಬಿದ್ದದ್ದು ಮೂರು ಬುಟ್ಟಿ. ಹತ್ತು ಮೀನು ಸೀಳಿ ನೋಡಿದೆ. ಎರಡರಲ್ಲಿ ಮೊಟ್ಟೆಯಿತ್ತು, ಎರಡೂ ನನ್ನ ಅರ್ಧ ಗೇಣಿನಷ್ಟು ಮಾತ್ರ. ಇಷ್ಟು ಸಣ್ಣ ಮೀನಿನ ಹೊಟ್ಟೆಯಲ್ಲಿ ಮೊಟ್ಟೆಯನ್ನು ನಾನು ಹಿಂದೆ ನೋಡಿರಲಿಲ್ಲ. ತಂಗಿ, ಇದರ ಅರ್ಥವೇನು ಎಂದು ತಿಳಿದಿದ್ದರೆ ಬರೆಯಬೇಕು. ಮಲ್ಪೆಯವರು ಬರೆಯುವುದು ಬೇಡ.